ಮೆಂಫಿಸ್‌ನ ಕಸದ ಲಾರಿ, ನಮ್ಮೂರಿನ ಹಸಿರು ಕೋಟು



ನಮ್ಮ ಯುವ ಸಂಚಲನದ ಸಭೆಯಲ್ಲಿ ಒಂದು ದಿನ "ಯೂನಿಯನ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ?" ಎಂದು ಕೇಳಿದಾಗ ಬಂದ ಉತ್ತರಗಳು ಇವು: ಹರತಾಳ, ಬಸ್ಸು ಇಲ್ಲ, ಪರೀಕ್ಷೆ ಮುಂದೂಡಿದ್ದಾರೆ, ನೋಕ್ಕುಕೂಲಿ. ಕಾಸರಗೋಡಿನ ಮಕ್ಕಳಲ್ಲವೇ, ಬೇರೆ ಉತ್ತರ ಬರುವುದು ಕಷ್ಟ. ಕೈಕಟ್ಟಿ ನೋಡಿದ್ದಕ್ಕೂ ಕೂಲಿ ಕೇಳುವ ಕಥೆ ನಮ್ಮ ಕಡೆ ಮನೆ ಕಟ್ಟಿಸಿದವರೆಲ್ಲರ ಬಾಯಲ್ಲೂ ಉಂಟು. ಎಲ್ಲರೂ ನಕ್ಕೆವು. ಆಗ ನರ್ಸಿಂಗ್ ಓದುವ ಒಬ್ಬಳು ಕೇಳಿದಳು: "ಕಾರ್ಮಿಕರ ಯೂನಿಯನ್ನಿನ ಜೊತೆ ಇಗರ್ಜಿ ನಿಂತದ್ದು ಎಲ್ಲಿಯಾದರೂ ಉಂಟಾ?"

ಉಂಟು. ಅದನ್ನು ಹುಡುಕಿ ಓದಲು ನಾವು ನಾಲ್ವರು ಕುಳಿತೆವು. ಸಿಕ್ಕಿದ್ದು ಅಮೆರಿಕದ ಮೆಂಫಿಸ್ ನಗರದ 1968ರ ಕಥೆ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದದ್ದು ಮೆಂಫಿಸ್‌ನಲ್ಲಿ ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಅವರು ಅಲ್ಲಿಗೆ ಹೋದದ್ದು ಯಾಕೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ಹೋದದ್ದು ಕಸ ಎತ್ತುವವರಿಗಾಗಿ.

ಮೆಂಫಿಸ್ ಇರುವುದು ಟೆನೆಸೀ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ. ಹತ್ತಿಯ ವ್ಯಾಪಾರದಿಂದ ಬೆಳೆದ ಊರು. ಆ ಕಾಲದಲ್ಲಿ ಊರಿನ ಐದರಲ್ಲಿ ಎರಡು ಪಾಲು ಜನ ಕರಿಯರು. ನಗರಸಭೆಯ ಕಸ ಎತ್ತುವ ಕೆಲಸದಲ್ಲಿ ಇದ್ದವರು ಹೆಚ್ಚುಕಡಿಮೆ ಎಲ್ಲರೂ ಕರಿಯ ಗಂಡಸರು. ಮೇಲ್ವಿಚಾರಕರು ಬಿಳಿಯರು. ಮನೆಯವರು ಕಸವನ್ನು ರಸ್ತೆಗೆ ತಂದಿಡಬೇಕಾಗಿರಲಿಲ್ಲ. ಇವರೇ ಹಿತ್ತಿಲಿಗೆ ಹೋಗಿ, ಡಬ್ಬಿಯಲ್ಲಿದ್ದದ್ದನ್ನು ದೊಡ್ಡ ತೊಟ್ಟಿಗೆ ಸುರಿದು, ಆ ತೊಟ್ಟಿಯನ್ನು ತಲೆಯ ಮೇಲೋ ಹೆಗಲ ಮೇಲೋ ಹೊತ್ತು ಲಾರಿಗೆ ತರಬೇಕು. ತೊಟ್ಟಿಗಳು ತೂತು. ಕೊಳೆತ ನೀರು ಮುಖದ ಮೇಲೆ, ಅಂಗಿಯೊಳಗೆ ಇಳಿಯುತ್ತಿತ್ತು; ಹುಳಗಳೂ ಬೀಳುತ್ತಿದ್ದವು. ಕೈತೊಳೆಯಲು ಜಾಗ ಇಲ್ಲ, ಊಟಕ್ಕೆ ಕೂರಲು ನೆರಳು ಇಲ್ಲ. ಗಂಟೆಗೆ ಸುಮಾರು 1 ಡಾಲರ್ 70 ಸೆಂಟ್ ಕೂಲಿ. ಆ ವರ್ಷ ಅಮೆರಿಕದ ಕನಿಷ್ಠ ಕೂಲಿಯೇ 1 ಡಾಲರ್ 60 ಸೆಂಟ್ ಇತ್ತು. ವಾರಕ್ಕೆ 40 ಗಂಟೆ ಎಂದು ಗುಣಿಸಿದರೆ 68 ಡಾಲರ್. ಹಗಲು ಮುಗಿದರೂ ಕೆಲಸ ಮುಗಿಯದಿದ್ದರೆ ಅದಕ್ಕೆ ಬೇರೆ ದುಡ್ಡು ಇಲ್ಲ. ಪೂರ್ತಿ ದಿನ ದುಡಿಯುವ ಈ ಮನುಷ್ಯರಲ್ಲಿ ಅನೇಕರು ಸರಕಾರ ಬಡವರಿಗೆ ಕೊಡುವ ಸಹಾಯಧನಕ್ಕೂ ಅರ್ಹರಾಗುವಷ್ಟು ಬಡವರಾಗಿದ್ದರು.

1968ರ ಫೆಬ್ರವರಿ 1. ಜೋರು ಮಳೆ. ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕೆಲಸಗಾರರು ಮಳೆಯಿಂದ ತಪ್ಪಿಸಿಕೊಳ್ಳಲು ಲಾರಿಯ ಹಿಂಭಾಗದಲ್ಲಿ, ಕಸ ತುಂಬುವ ಜಾಗದಲ್ಲಿ ನಿಂತರು. ಬೇರೆ ಎಲ್ಲಿ ನಿಲ್ಲುವುದು? ಬಿಳಿಯರ ಬೀದಿಯಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ನಿಲ್ಲುವ ಹಾಗಿರಲಿಲ್ಲ. ಕಸವನ್ನು ಒತ್ತಿ ಗಟ್ಟಿ ಮಾಡುವ ಯಂತ್ರ ತನ್ನಿಂದ ತಾನೇ ಚಾಲೂ ಆಯಿತು. ಇಬ್ಬರನ್ನೂ ಒಳಗೆಳೆದು ಅರೆಯಿತು.

ನಮ್ಮಲ್ಲಿ ಇಬ್ಬರು ಬಿಎಸ್ಸಿ ಮುಗಿಸಿದವರು. ಪಾಸ್ಕಲನ ನಿಯಮವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಸಣ್ಣ ಪಿಸ್ಟನ್ನಿನ ಮೇಲೆ ಸ್ವಲ್ಪ ಬಲ ಹಾಕಿದರೆ ದೊಡ್ಡ ಪಿಸ್ಟನ್ನಿನಲ್ಲಿ ಅದು ಎಷ್ಟೋ ಪಟ್ಟು ಆಗುತ್ತದೆ. ಹೈಡ್ರಾಲಿಕ್ ಪ್ರೆಸ್ ಕೆಲಸ ಮಾಡುವುದೇ ಹಾಗೆ. ಮರದ ಪೆಟ್ಟಿಗೆಯನ್ನೂ ತಗಡನ್ನೂ ಚಪ್ಪಟೆ ಮಾಡುವ ಆ ಬಲದ ಎದುರು ಮನುಷ್ಯನ ಎಲುಬು ಎಷ್ಟರದ್ದು! ಆ ಲಾರಿ ಹಳೆಯದು. ಇಂಥ ಲಾರಿಗಳು ಅಪಾಯಕಾರಿ ಎಂದು ಕೆಲಸಗಾರರು ಮೊದಲೇ ದೂರು ಕೊಟ್ಟಿದ್ದರು. ಯಂತ್ರವನ್ನು ಬದಲಿಸುವುದಕ್ಕಿಂತ ಮನುಷ್ಯನನ್ನು ಬದಲಿಸುವುದು ಅಗ್ಗ ಎಂದು ಲೆಕ್ಕ ಹಾಕಿದವರ ಊರು ಅದು. ನಮಗೆ ಅನ್ನಿಸಿದ್ದು ಇಷ್ಟೇ: ವಿಜ್ಞಾನ ಓದಿದವರಿಗೆ ಆ ಲೆಕ್ಕ ಬೇಗ ಅರ್ಥವಾಗುತ್ತದೆ, ಆದ್ದರಿಂದ ಸಿಟ್ಟೂ ಬೇಗ ಬರಬೇಕು.

ಸತ್ತವರ ಮನೆಗೆ ಸಿಕ್ಕಿದ್ದು ಏನು? ಒಂದು ತಿಂಗಳ ಸಂಬಳ ಮತ್ತು ಮಣ್ಣು ಮಾಡುವ ಖರ್ಚಿಗೆ 500 ಡಾಲರ್. ವಿಮೆ ಇಲ್ಲ, ಕಾನೂನಿನ ಪರಿಹಾರ ಇಲ್ಲ. ವಾಕರ್‌ನ ಹೆಂಡತಿ ಆಗ ಬಸುರಿ. ಪರಿಹಾರ ಯಾಕಿಲ್ಲ ಎಂದರೆ, ಇವರು ಗಂಟೆ ಲೆಕ್ಕದ ಕೂಲಿಗಳು. ಖಾಯಂ ನೌಕರರ ಪಟ್ಟಿಯಲ್ಲಿ ಇವರ ಹೆಸರೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಈ "ಪಟ್ಟಿಯಲ್ಲಿ ಇಲ್ಲ" ಎಂಬ ಮಾತು ನಮಗೆ ಹೊಸತಲ್ಲ. ನಮ್ಮ ಕೇರಳದಲ್ಲಿ ಆಶಾ ಕಾರ್ಯಕರ್ತೆಯರು 2025ರ ಫೆಬ್ರವರಿ 10ರಿಂದ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಹಗಲುರಾತ್ರಿ ಕೂತದ್ದು ನಿಮಗೆ ನೆನಪಿರಬಹುದು. ತಿಂಗಳಿಗೆ 7,000 ರೂಪಾಯಿ ಸಿಗುತ್ತಿತ್ತು, 21,000 ಕೇಳಿದರು. ಐವತ್ತನೆಯ ದಿನ ಕೆಲವರು ತಲೆಗೂದಲನ್ನೇ ಕತ್ತರಿಸಿಕೊಂಡರು. ಎಂಟು ತಿಂಗಳಿಗೂ ಮೀರಿ ನಡೆದ ಆ ಮುಷ್ಕರದ ಕೊನೆಗೆ ಗೌರವಧನದಲ್ಲಿ ಏರಿದ್ದು 1,000 ರೂಪಾಯಿ. "ಗೌರವಧನ" ಎಂಬ ಶಬ್ದವನ್ನು ಗಮನಿಸಿ. ಅದು ಸಂಬಳ ಅಲ್ಲ. ಅವರು ನೌಕರರಲ್ಲ, ಸ್ವಯಂಸೇವಕಿಯರು ಎಂಬುದು ಕಾಗದದ ಲೆಕ್ಕ. ಬಾಣಂತಿಯ ಮನೆಗೆ ಹೋಗಬೇಕಾದಾಗ ಕೆಲಸ, ಸಂಬಳ ಕೇಳಿದಾಗ ಸೇವೆ. ಮೆಂಫಿಸ್‌ನಲ್ಲಿಯೂ ಹೀಗೆಯೇ, ಕಸ ಎತ್ತುವಾಗ ಅವರು ನಗರದ ಕೆಲಸಗಾರರು, ಸತ್ತಾಗ ಮಾತ್ರ ಯಾರೂ ಅಲ್ಲ.

ಮೆಂಫಿಸ್‌ನವರು ಮೊದಲೂ ಪ್ರಯತ್ನಪಟ್ಟಿದ್ದರು. ಟಿ. ಒ. ಜೋನ್ಸ್ ಎಂಬ ಕಸದ ಕೆಲಸಗಾರ 1963ರಲ್ಲಿ ಸಂಘ ಕಟ್ಟಲು ಹೊರಟಾಗ ಅವರನ್ನೂ ಸೇರಿಸಿ 33 ಮಂದಿಯನ್ನು ಕೆಲಸದಿಂದ ತೆಗೆದುಹಾಕಿದರು. ಜೋನ್ಸ್ ಊರು ಬಿಡಲಿಲ್ಲ. ಸರಕಾರಿ ನೌಕರರ ರಾಷ್ಟ್ರೀಯ ಯೂನಿಯನ್ನಿನಿಂದ ಶಾಖೆಯ ಮಾನ್ಯತೆ ಪಡೆದರು. ಶಾಖೆಯ ಸಂಖ್ಯೆ 1733. ಕೊನೆಯ ಆ 33 ಕೆಲಸ ಕಳೆದುಕೊಂಡವರ ನೆನಪಿಗೆ. 1966ರಲ್ಲಿ ಮುಷ್ಕರಕ್ಕೆ ಹೊರಟಾಗ ನ್ಯಾಯಾಲಯದ ತಡೆಯಾಜ್ಞೆ ಬಂತು, ಅಲ್ಲಿಗೇ ನಿಂತಿತು. ಈ ಸಲ ಹಾಗಾಗಲಿಲ್ಲ. ಫೆಬ್ರವರಿ 12ರ ಸೋಮವಾರ ಸುಮಾರು 1,300 ಮಂದಿ ಕೆಲಸಕ್ಕೆ ಬರಲಿಲ್ಲ. ದೊಡ್ಡ ಸಿದ್ಧತೆ ಇರಲಿಲ್ಲ, ಮುಷ್ಕರ ನಿಧಿ ಇರಲಿಲ್ಲ. ರಾಷ್ಟ್ರೀಯ ನಾಯಕರಿಗೂ ಈ ಹೊತ್ತು ಸರಿಯಾದದ್ದು ಅನ್ನಿಸಿರಲಿಲ್ಲ, ಕಸದ ಮುಷ್ಕರಕ್ಕೆ ಬೇಸಿಗೆ ಒಳ್ಳೆಯದು, ಚಳಿಯಲ್ಲಿ ಕಸ ಬೇಗ ನಾರುವುದಿಲ್ಲವಲ್ಲ! ಆದರೆ ಕೆಲಸಗಾರರು ಹವೆ ನೋಡಿ ಹೊರಟವರಲ್ಲ.

ಮೇಯರ್ ಹೆನ್ರಿ ಲೋಬ್. ಅದೇ ವರ್ಷದ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡವರು. ಅವರನ್ನು ಸಿನೆಮಾದ ಖಳನಾಯಕನ ಹಾಗೆ ಬರೆಯುವುದು ಸುಲಭ, ಆದರೆ ನಾವು ಓದಿದ ಹಾಗೆ ಅವರು ಹಾಗಿರಲಿಲ್ಲ. ಸಭ್ಯರು. ಯಾರು ಬಂದರೂ ಕಚೇರಿಯ ಬಾಗಿಲು ತೆರೆದಿರುತ್ತಿತ್ತು. "ನಿಮ್ಮ ಕಷ್ಟ ನನ್ನ ಹತ್ತಿರ ಹೇಳಿ, ನಾನು ನೋಡಿಕೊಳ್ಳುತ್ತೇನೆ" ಎನ್ನುವ ಧಾಟಿಯವರು. ನಮ್ಮ ಊರುಗಳಲ್ಲಿಯೂ ಇಂಥ ದೊಡ್ಡ ಮನುಷ್ಯರು ಉಂಟು, ಕೇಳಿದರೆ ಸಾಲ ಕೊಡುತ್ತಾರೆ, ಮಗಳ ಮದುವೆಗೆ ಸೀರೆ ಕೊಡುತ್ತಾರೆ, ಆದರೆ ಕೂಲಿ ಎಷ್ಟೆಂದು ಕಾಗದದ ಮೇಲೆ ಬರೆದು ಕೊಡಿ ಎಂದರೆ ಮುಖ ಕೆಂಪಾಗುತ್ತದೆ. ಲೋಬ್ ಅವರಿಗೆ ಕಾಗದವೇ ತೊಂದರೆ. ಸರಕಾರಿ ಕೆಲಸಗಾರರ ಮುಷ್ಕರ ಕಾನೂನುಬಾಹಿರ, ಮೊದಲು ಕೆಲಸಕ್ಕೆ ಬನ್ನಿ, ಯೂನಿಯನ್ನನ್ನು ಒಪ್ಪುವ ಪ್ರಶ್ನೆಯೇ ಇಲ್ಲ, ಇಷ್ಟನ್ನೇ ಅವರು ಎರಡು ತಿಂಗಳು ಹೇಳಿದರು. ಬದಲಿ ಆಳುಗಳನ್ನು ತಂದು ಪೊಲೀಸ್ ಕಾವಲಿನಲ್ಲಿ ಲಾರಿ ಓಡಿಸಿದರು.

ಕೆಲಸಗಾರರು ಕೇಳಿದ್ದು ಕೂಲಿ, ಸುರಕ್ಷತೆ ಮಾತ್ರವಲ್ಲ. ಎರಡು ವಿಷಯಗಳಿಗೆ ಪಟ್ಟುಹಿಡಿದರು. ಒಂದು, ಯೂನಿಯನ್ನಿಗೆ ಮಾನ್ಯತೆ. ಇನ್ನೊಂದು, ಯೂನಿಯನ್ ವಂತಿಗೆಯನ್ನು ಸಂಬಳದಿಂದಲೇ ಕಡಿದು ಸಂಘಕ್ಕೆ ಕಳುಹಿಸುವ ವ್ಯವಸ್ಥೆ. ಎರಡನೆಯದು ನಮಗೆ ಮೊದಲು ಅರ್ಥವಾಗಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಎರಡು ತಿಂಗಳ ಹಸಿವು ಯಾಕೆ? ಯೋಚಿಸಿ ನೋಡಿದರೆ ಇದೇ ಬೆನ್ನೆಲುಬು. ವಾರಕ್ಕೆ 68 ಡಾಲರ್ ತರುವವನ ಕೈಯಿಂದ ಪ್ರತಿ ತಿಂಗಳೂ ವಂತಿಗೆ ಎತ್ತುವುದು ಎಷ್ಟು ಕಷ್ಟ ಎಂದು ಚಂದಾ ಎತ್ತಿದ ಯುವಕರಿಗೆ ಹೇಳಬೇಕಾಗಿಲ್ಲ. ಎತ್ತಲು ಹೋದವನನ್ನು ಮೇಲ್ವಿಚಾರಕ ಗುರುತು ಹಾಕಿಕೊಳ್ಳುತ್ತಾನೆ. ಹಣ ಇಲ್ಲದ ಸಂಘ ಒಂದು ವರ್ಷದಲ್ಲಿ ಕರಗುತ್ತದೆ, ಆಮೇಲೆ ಕೊಟ್ಟ ಮಾತನ್ನು ನೆನಪಿಸಲು ಯಾರೂ ಇರುವುದಿಲ್ಲ. ಏರಿಸಿದ ಕೂಲಿಯನ್ನು ಮುಂದಿನ ಮೇಯರ್ ಇಳಿಸಬಹುದು. ಸಂಘ ಉಳಿದರೆ ಮಾತ್ರ ಒಪ್ಪಂದಕ್ಕೆ ಬೆಲೆ. ಲೋಬ್ ಅವರಿಗೂ ಇದು ಗೊತ್ತಿತ್ತು, ಅದಕ್ಕೇ ಅವರು ಕೂಲಿಯ ವಿಷಯಕ್ಕಿಂತ ಇದಕ್ಕೆ ಹೆಚ್ಚು ಅಡ್ಡ ನಿಂತರು.

ಇನ್ನು ಇಗರ್ಜಿಯ ವಿಷಯ.

ಮೊದಲ ಹತ್ತು ದಿನ ಇದು ಕೆಲಸಗಾರರ ಜಗಳ ಅಷ್ಟೇ. ಊರಿನ ಕರಿಯ ಪಾಸ್ಟರರಲ್ಲೂ ಹೆಚ್ಚಿನವರು ದೂರದಲ್ಲಿ ನಿಂತು ನೋಡುತ್ತಿದ್ದರು. ಫೆಬ್ರವರಿ 23ರಂದು ನಗರಸಭೆ ಅವರ ಬೇಡಿಕೆಯನ್ನು ಪಕ್ಕಕ್ಕಿಟ್ಟಿತು. ಕೆಲಸಗಾರರು ಮುಖ್ಯ ಬೀದಿಯಲ್ಲಿ ಮೆರವಣಿಗೆ ಹೊರಟರು. ಪೊಲೀಸ್ ಕಾರುಗಳು ಸಾಲನ್ನು ಒತ್ತಿಕೊಂಡು ಬಂದವು, ತಳ್ಳಾಟವಾಯಿತು, ಪೊಲೀಸರು ಲಾಠಿ ಬೀಸಿದರು, ಕಣ್ಣುರಿಯುವ ಮೇಸ್ ಸಿಂಪಡಿಸಿದರು. ಮೇಸ್ ಸಿಂಪಡಿಸುವಾಗ ಕಸದವನು ಯಾರು, ಪಾಸ್ಟರ್ ಯಾರು ಎಂದು ನೋಡಲಿಲ್ಲ. ಮರುದಿನವೇ ಪಾಸ್ಟರರು ಸಭೆ ಸೇರಿ ಒಂದು ಸಮಿತಿ ಮಾಡಿದರು. ತಮ್ಮ ಕಣ್ಣು ಉರಿದ ಮೇಲೆ ಕಣ್ಣು ತೆರೆಯಿತು ಎಂದು ಹೇಳಿದರೆ ಕಟುವಾದೀತು, ಆದರೆ ಸುಳ್ಳಲ್ಲ.

ಆ ಸಮಿತಿಯ ಮುಂದಾಳು ಮೆಥೊಡಿಸ್ಟ್ ಪಾಸ್ಟರ್ ಜೇಮ್ಸ್ ಲಾಸನ್. ಇವರ ಹೆಸರು ನಮಗೆ ಗೊತ್ತಿರಬೇಕಾಗಿತ್ತು. ಯಾಕೆಂದರೆ ಇವರು 1950ರ ದಶಕದಲ್ಲಿ ಮೂರು ವರ್ಷ ನಮ್ಮ ದೇಶದಲ್ಲಿದ್ದವರು, ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮಿಶನರಿಯಾಗಿ ಕೆಲಸ ಮಾಡುತ್ತಾ ಗಾಂಧೀಜಿಯ ಸತ್ಯಾಗ್ರಹವನ್ನು ಓದಿದವರು. ಅದಕ್ಕೂ ಮೊದಲು, ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯ ಸೇರಲಾರೆ ಎಂದು ಜೈಲು ಕಂಡವರು. ಇಲ್ಲಿಂದ ಹಿಂತಿರುಗಿದ ಮೇಲೆ ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತಿ ಕೊಟ್ಟರು. ಬೈದರೆ, ಉಗುಳಿದರೆ, ಹೊಡೆದರೆ ಹೇಗೆ ಕೂತಿರಬೇಕು ಎಂದು ಅಭ್ಯಾಸ ಮಾಡಿಸುವ ತರಬೇತಿ. ನಾಟಕದ ರಿಹರ್ಸಲ್ ಇದ್ದ ಹಾಗೆ, ಆದರೆ ಪ್ರಯೋಗದ ದಿನ ಪೆಟ್ಟು ನಿಜವಾದದ್ದು. ಅವರು ತೀರಿಕೊಂಡದ್ದು ಮೊನ್ನೆ ಮೊನ್ನೆ, 2024ರಲ್ಲಿ, 95ನೆಯ ವಯಸ್ಸಿನಲ್ಲಿ.

ಲಾಸನ್ ಅವರ ಸಮಿತಿ ಮಾಡಿದ ಕೆಲಸ ನಮ್ಮಂಥ ಯುವ ಸಂಘಗಳಿಗೆ ಬಹಳ ಪರಿಚಿತ ಅನ್ನಿಸಿತು. ಭಾನುವಾರದ ಕಾಣಿಕೆಯಲ್ಲಿ ಮುಷ್ಕರದ ಕುಟುಂಬಗಳಿಗೆ ಪಾಲು. ಅಕ್ಕಿಬೇಳೆ ಕೂಡಿಸಿ ಹಂಚುವುದು. ಮನೆ ಬಾಡಿಗೆ ಕಟ್ಟಲಾಗದವರ ಪಟ್ಟಿ ಮಾಡುವುದು. ರಾತ್ರಿ ಪ್ರಾರ್ಥನಾ ಸಭೆ, ಹಗಲು ಮೆರವಣಿಗೆ. ಪೇಟೆಯ ಅಂಗಡಿಗಳಿಂದ ಏನನ್ನೂ ಕೊಳ್ಳಬೇಡಿ ಎಂದು ಪುಲ್ಪಿಟ್ಟಿನಿಂದ ಕರೆ. ಆ ವರ್ಷ ವಿಭೂತಿ ಬುಧವಾರ ಬಂದದ್ದು ಫೆಬ್ರವರಿ 28ಕ್ಕೆ, ಈಸ್ಟರ್ ಏಪ್ರಿಲ್ 14ಕ್ಕೆ. ಅಂದರೆ ತಪಸ್ಸಿನ ಕಾಲ ಪೂರ್ತಿ ಮುಷ್ಕರದ ಒಳಗೇ ಕಳೆಯಿತು. ಅಲ್ಲಿಯ ಕರಿಯ ಕುಟುಂಬಗಳಲ್ಲಿ ಈಸ್ಟರಿಗೆ ಮಕ್ಕಳಿಗೆ ಹೊಸ ಬಟ್ಟೆ ಹೊಲಿಸುವುದು ದೊಡ್ಡ ಸಂಭ್ರಮ. ಈ ಸಲ ಈಸ್ಟರಿಗೆ ಹೊಸ ಬಟ್ಟೆ ಇಲ್ಲ ಎಂದು ತೀರ್ಮಾನಿಸಿದರು. ನಾವು ಮಾಂಸ ಬಿಡುತ್ತೇವೆ, ಇನ್‌ಸ್ಟಾಗ್ರಾಂ ಬಿಡುತ್ತೇವೆ, ಬಿಟ್ಟದ್ದು ಯಾರಿಗೆ ಮುಟ್ಟಿತು ಎಂದು ಯಾರೂ ಕೇಳುವುದಿಲ್ಲ. ಅವರು ಬಿಟ್ಟದ್ದು ಸೀದಾ ಪೇಟೆಯ ಗಲ್ಲಾಪೆಟ್ಟಿಗೆಗೆ ಮುಟ್ಟಿತು.

ಮೆರವಣಿಗೆಗಳು ಹೊರಡುತ್ತಿದ್ದದ್ದು ಕ್ಲೇಬೋರ್ನ್ ಟೆಂಪಲ್ ಎಂಬ ಇಗರ್ಜಿಯಿಂದ. ಒಂದು ಕಾಲದಲ್ಲಿ ಬಿಳಿಯರ ಪ್ರೆಸ್ಬಿಟೇರಿಯನ್ ಇಗರ್ಜಿ, 1949ರಲ್ಲಿ ಕರಿಯರ ಸಭೆಗೆ ಮಾರಿದ್ದು. ಆಗ ಅಲ್ಲಿಯ ಪಾಸ್ಟರ್ ಮಾತ್ರ ಒಬ್ಬ ಬಿಳಿಯ, ಮಾಲ್ಕಮ್ ಬ್ಲ್ಯಾಕ್‌ಬರ್ನ್. ಇಗರ್ಜಿಯ ಒಳಗಿನ ಮುದ್ರಣ ಯಂತ್ರದಲ್ಲೇ ಆ ಪ್ರಸಿದ್ಧ ಫಲಕಗಳು ಅಚ್ಚಾದವು. ಬಿಳಿ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಮಾತು: ನಾನು ಮನುಷ್ಯ. ಕೂಲಿಯ ವಿಷಯ ಇಲ್ಲ, ಯೂನಿಯನ್ನಿನ ಹೆಸರೂ ಇಲ್ಲ. ಐವತ್ತು ಅರವತ್ತು ವಯಸ್ಸಿನ ಗಂಡಸನ್ನೂ "ಏ ಹುಡುಗಾ" ಎಂದೇ ಕರೆಯುತ್ತಿದ್ದ ಊರಿನಲ್ಲಿ ಆ ಮಾತು ಎಷ್ಟು ತೂಕದ್ದು ಎಂದು ನಮಗೆ ವಿವರಿಸಬೇಕಾಗಿಲ್ಲ. ಹಿರಿಯರನ್ನು ಏಕವಚನದಲ್ಲಿ ಕರೆಯುವ, ಗೆರಟೆಯಲ್ಲಿ ಚಹಾ ಕೊಡುವ ಕಥೆಗಳನ್ನು ನಮ್ಮ ಅಜ್ಜಿಯಂದಿರು ಹೇಳುವುದನ್ನು ಕೇಳಿದ್ದೇವೆ.

ಕಿಂಗ್ ಅವರಿಗೂ ಅದು ಗೊತ್ತಿತ್ತು. 1959ರಲ್ಲಿ ಅವರು ಸುಮಾರು ಒಂದು ತಿಂಗಳು ಭಾರತ ಪ್ರವಾಸ ಮಾಡಿದಾಗ ತಿರುವನಂತಪುರದ ಒಂದು ಶಾಲೆಗೆ ಹೋಗಿದ್ದರು. ಅಲ್ಲಿಯ ಮಕ್ಕಳಲ್ಲಿ ಹೆಚ್ಚಿನವರು ಅಸ್ಪೃಶ್ಯರೆಂದು ಕರೆಸಿಕೊಂಡ ಮನೆಗಳಿಂದ ಬಂದವರು. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಇನ್ನೊಬ್ಬ ಅಸ್ಪೃಶ್ಯ ಎಂದು ಪರಿಚಯಿಸಿದರಂತೆ. ಮೊದಲು ಕಿಂಗ್ ಅವರಿಗೆ ಗಾಬರಿಯಾಯಿತು, ಬೇಸರವೂ ಆಯಿತು. ಆಮೇಲೆ ತನ್ನ ದೇಶದ ಎರಡು ಕೋಟಿ ಕರಿಯರ ಸ್ಥಿತಿ ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡರು. 1965ರ ಒಂದು ಪ್ರವಚನದಲ್ಲಿ ಅವರೇ ಇದನ್ನು ಹೇಳಿದ್ದಾರೆ. ನಮ್ಮದೇ ರಾಜ್ಯದ ಒಂದು ಶಾಲೆಯಲ್ಲಿ ಆದ ಪರಿಚಯ! ಮೆಂಫಿಸ್‌ನ ಕಸದ ಕೆಲಸಗಾರರ ಕರೆ ಬಂದಾಗ, ಬೇರೆ ದೊಡ್ಡ ಕಾರ್ಯಕ್ರಮದ ಗಡಿಬಿಡಿಯಲ್ಲಿದ್ದರೂ, ಜೊತೆಯವರು ಬೇಡವೆಂದರೂ, ಅವರು ಹೋದರು.

ಮಾರ್ಚ್ 18ರಂದು ಮೇಸನ್ ಟೆಂಪಲ್‌ನಲ್ಲಿ ಕಿಂಗ್ ಮಾತಾಡಿದಾಗ ಕಾಲಿಡಲು ಜಾಗ ಇರಲಿಲ್ಲ. ಊರೇ ಒಂದು ದಿನ ಕೆಲಸ ನಿಲ್ಲಿಸಿ ಮೆರವಣಿಗೆ ಮಾಡೋಣ, ನಾನೂ ಬರುತ್ತೇನೆ ಎಂದರು. ಮೊದಲು ಇಟ್ಟ ದಿನ ಹಿಮ ಬಿದ್ದು ಊರೇ ಮುಚ್ಚಿಹೋಯಿತು. ಮಾರ್ಚ್ 28ಕ್ಕೆ ಮತ್ತೆ ಇಟ್ಟರು.

ಆ ದಿನದ ಬಗ್ಗೆ ನಮ್ಮ ನಾಲ್ವರೊಳಗೇ ಜಗಳವಾಯಿತು. ಮೆರವಣಿಗೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕೆಲವು ಹುಡುಗರು ಫಲಕದ ಕೋಲುಗಳಿಂದ ಅಂಗಡಿಯ ಗಾಜು ಒಡೆದರು. ಲಾಸನ್ ಕೂಡಲೇ ಮೆರವಣಿಗೆಯನ್ನು ಹಿಂದಕ್ಕೆ ತಿರುಗಿಸಿದರು. ಪೊಲೀಸರು ಎಲ್ಲರ ಮೇಲೂ ಬಿದ್ದರು, ಇಗರ್ಜಿಗೆ ಓಡಿಬಂದವರ ಮೇಲೂ ಅಶ್ರುವಾಯು ಬಿಟ್ಟರು. ಲ್ಯಾರಿ ಪೇನ್ ಎಂಬ 16 ವರ್ಷದ ಹುಡುಗನನ್ನು ಒಬ್ಬ ಪೊಲೀಸ್ ಗುಂಡಿಟ್ಟು ಕೊಂದ. ನಮ್ಮಲ್ಲಿ ಒಬ್ಬ ಹೇಳಿದ: ಗಾಜು ಒಡೆದವರೇ ಮುಷ್ಕರವನ್ನು ಹಾಳು ಮಾಡಿದರು, ಆರು ವಾರ ಕೆಲಸಗಾರರು ಒಂದು ಕಲ್ಲೂ ಎಸೆದಿರಲಿಲ್ಲ. ಇನ್ನೊಬ್ಬಳು ಹೇಳಿದಳು: ಗಾಜಿಗೆ ಅಳುವವರು ಲಾರಿಯಲ್ಲಿ ಅರೆದುಹೋದ ಇಬ್ಬರಿಗೆ ಅತ್ತರೇ? ಇಬ್ಬರೂ ಸರಿ ಅನ್ನಿಸುತ್ತದೆ. ಆದರೆ ಸೋತದ್ದು ಯಾರು ಎಂದು ನೋಡಿದರೆ ಮೊದಲನೆಯವನ ಮಾತಿಗೆ ನಮ್ಮ ಓಟು. ಮರುದಿನದ ಪತ್ರಿಕೆಗಳಲ್ಲಿ ಕಸದವರ ಕೂಲಿ ಇರಲಿಲ್ಲ, ಒಡೆದ ಗಾಜು ಇತ್ತು.

ಆದರೆ ಮಾರ್ಚ್ 29ರಂದು ಏನಾಯಿತು ಗೊತ್ತೇ? ಊರಿಗೆ ಸುಮಾರು 4,000 ಮಂದಿ ನ್ಯಾಶನಲ್ ಗಾರ್ಡ್ ಸೈನಿಕರು ಬಂದಿದ್ದರು. ಬೀದಿಯ ಒಂದು ಬದಿಯಲ್ಲಿ ಬಂದೂಕಿಗೆ ಬಯೊನೆಟ್ ಸಿಕ್ಕಿಸಿದ ಸಾಲು, ಇನ್ನೊಂದು ಬದಿಯಲ್ಲಿ ಟ್ಯಾಂಕಿನ ಹಾಗೆ ಕಾಣುವ ಗಾಡಿಗಳು. ಅವುಗಳ ನಡುವೆ ಕಸದ ಕೆಲಸಗಾರರು "ನಾನು ಮನುಷ್ಯ" ಫಲಕ ಕುತ್ತಿಗೆಗೆ ಹಾಕಿಕೊಂಡು, ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ ನಡೆದರು. ಆ ಫೋಟೋ ಎಲ್ಲರೂ ನೋಡಿರುತ್ತೀರಿ. ಹೆಚ್ಚಿನವರು ಅಪ್ಪಂದಿರು, ಕೆಲವರು ಅಜ್ಜಂದಿರು. ಹಿಂದಿನ ದಿನ ಪೆಟ್ಟು ತಿಂದವರು.

ಅಹಿಂಸೆಯ ಮೆರವಣಿಗೆ ಸಾಧ್ಯ ಎಂದು ತೋರಿಸಲು ಕಿಂಗ್ ಏಪ್ರಿಲ್ 3ರಂದು ಮತ್ತೆ ಬಂದರು. ಆ ರಾತ್ರಿ ಬಿರುಗಾಳಿ, ಮಳೆ. ಮೈ ಸರಿಯಿಲ್ಲದೆ ಹೋಟೆಲಿನಲ್ಲೇ ಇದ್ದವರನ್ನು, ಜನ ಕಾಯುತ್ತಿದ್ದಾರೆ ಎಂದು ಫೋನು ಮಾಡಿ ಕರೆಸಿದರು. ಟಿಪ್ಪಣಿ ಇಲ್ಲದೆ ಮಾತಾಡಿದರು. ಒಳ್ಳೆಯ ಸಮಾರಿಯನ ಸಾಮತಿಯನ್ನು ತೆಗೆದುಕೊಂಡು ಅವರು ಹೇಳಿದ ವಿಷಯ ಇದು: ಯಾಜಕನೂ ಲೇವಿಯೂ ನಿಲ್ಲದೆ ಹೋದದ್ದು ಬಹುಶಃ ಭಯದಿಂದ, ಜೆರಿಕೋ ದಾರಿ ಕಳ್ಳರ ದಾರಿ. ನಾನು ನಿಂತರೆ ನನಗೇನಾದೀತು ಎಂದು ಅವರು ಯೋಚಿಸಿದರು. ಸಮಾರಿಯದವನು ಪ್ರಶ್ನೆಯನ್ನು ತಿರುಗಿಸಿದ, ನಾನು ನಿಲ್ಲದಿದ್ದರೆ ಇವನಿಗೇನಾದೀತು? ಮೆಂಫಿಸ್‌ನವರ ಎದುರು ಇರುವುದೂ ಅದೇ ಪ್ರಶ್ನೆ ಎಂದರು. ಈ ಸಾಮತಿಯ ಮೇಲೆ ನಾವು ಎಷ್ಟು ಪ್ರವಚನ ಕೇಳಿದ್ದೇವೆ, ಎಷ್ಟು ಸ್ಕಿಟ್ ಮಾಡಿದ್ದೇವೆ! ಯೂನಿಯನ್ ಸಭೆಯಲ್ಲಿ ಅದು ಹೀಗೆ ಕೇಳಬಹುದು ಎಂದು ಊಹಿಸಿರಲಿಲ್ಲ.

ಮರುದಿನ, ಗುರುವಾರ ಸಂಜೆ ಆರು ಗಂಟೆಯ ಸುಮಾರಿಗೆ, ಲೊರೇನ್ ಮೋಟೆಲಿನ ಬಾಲ್ಕನಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 39.

ಏಪ್ರಿಲ್ 5ರಂದು ಬಿಳಿಯರೂ ಕರಿಯರೂ ಸೇರಿ ಪಾಸ್ಟರರು, ಗುರುಗಳು ಸೇಂಟ್ ಮೇರಿಸ್ ಕೆಥೆಡ್ರಲಿನಿಂದ ನಗರಸಭೆಗೆ ನಡೆದರು. ಕೆಥೆಡ್ರಲಿನ ಡೀನ್ ವಿಲಿಯಂ ಡಿಮಿಕ್ ಅವರು ಶಿಲುಬೆಯನ್ನು ಹಿಡಿದು ಮುಂದೆ ಹೋದರು. ಯೆಹೂದಿ ಗುರು ರಬ್ಬಿ ಜೇಮ್ಸ್ ವ್ಯಾಕ್ಸ್ ಅವರು ಮೇಯರ್ ಎದುರು ನಿಂತು, ಈ ಊರಿನ ಕಾನೂನಿಗಿಂತ ಮೇಲಿನ ಕಾನೂನು ಉಂಟು, ಅದು ದೇವರ ಕಾನೂನು ಎಂದು ಎಲ್ಲರ ಮುಂದೆ ಹೇಳಿದರು. ಒಳ್ಳೆಯದು. ಆದರೆ ಶಿಲುಬೆ ಕೆಥೆಡ್ರಲಿನಿಂದ ಬೀದಿಗೆ ಇಳಿಯಲು 53 ದಿನ ಬೇಕಾಯಿತು, ಅಷ್ಟರಲ್ಲಿ ಒಂದು ಹೆಣ ಬಿದ್ದಾಗಿತ್ತು. ಅಲ್ಲ, ಕೋಲ್, ವಾಕರ್, ಆ 16ರ ಹುಡುಗ ಸೇರಿ ನಾಲ್ಕು.

ಪವಿತ್ರ ವಾರದ ಸೋಮವಾರ, ಏಪ್ರಿಲ್ 8ರಂದು, ಗಂಡನ ಅಂತ್ಯಕ್ರಿಯೆಯ ಹಿಂದಿನ ದಿನ, ಕೊರೆಟಾ ಸ್ಕಾಟ್ ಕಿಂಗ್ ಮೂವರು ಮಕ್ಕಳನ್ನು ಕರೆದುಕೊಂಡು ಮೆಂಫಿಸ್‌ಗೆ ಬಂದು ಅದೇ ಮೆರವಣಿಗೆಯನ್ನು ನಡೆಸಿದರು. ಹತ್ತಾರು ಸಾವಿರ ಜನ. ಘೋಷಣೆ ಇಲ್ಲ, ಒಂದು ಗಾಜೂ ಒಡೆಯಲಿಲ್ಲ. ಅಧ್ಯಕ್ಷ ಜಾನ್ಸನ್ ಕಳುಹಿಸಿದ್ದ ಕಾರ್ಮಿಕ ಇಲಾಖೆಯ ಜೇಮ್ಸ್ ರೆನಾಲ್ಡ್ಸ್ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಿದ್ದರು. ಈಸ್ಟರ್ ಕಳೆದು ಎರಡನೆಯ ದಿನ, ಏಪ್ರಿಲ್ 16ರಂದು, ಒಪ್ಪಂದ ಆಯಿತು. 65 ದಿನಗಳ ಮುಷ್ಕರ.

ಒಪ್ಪಂದದಲ್ಲಿ ಇದ್ದದ್ದು: ಯೂನಿಯನ್ನಿಗೆ ಮಾನ್ಯತೆ, ದೂರು ಕೇಳುವ ವ್ಯವಸ್ಥೆ, ಬಣ್ಣ ನೋಡದೆ ಬಡ್ತಿ. ಗಂಟೆಗೆ 10 ಸೆಂಟ್ ಏರಿಕೆ ಮೇ ತಿಂಗಳಿನಿಂದ, ಇನ್ನು 5 ಸೆಂಟ್ ಸೆಪ್ಟೆಂಬರಿನಿಂದ. ವಾರಕ್ಕೆ 6 ಡಾಲರ್ ಹೆಚ್ಚು, ಅಷ್ಟೆ. ವಂತಿಗೆಯನ್ನು ನಗರಸಭೆ ಸೀದಾ ಸಂಘಕ್ಕೆ ಕೊಡುವುದಿಲ್ಲ, ಕೆಲಸಗಾರರ ಕ್ರೆಡಿಟ್ ಯೂನಿಯನ್ ಮೂಲಕ ಹೋಗುತ್ತದೆ ಎಂದು ಮಾಡಿದರು. ಮೇಯರರ ಮಾತೂ ಉಳಿಯಿತು, ದುಡ್ಡೂ ಸಂಘಕ್ಕೆ ಮುಟ್ಟಿತು. ಏರಿಕೆಗೆ ನಗರಸಭೆಯಲ್ಲಿ ಹಣ ಇಲ್ಲ ಎಂದಾಗ ಏಬ್ ಪ್ಲೌ ಎಂಬ ಸ್ಥಳೀಯ ಉದ್ಯಮಿ ಹೆಸರು ಹೇಳದೆ ಹಣ ಕೊಟ್ಟರು. ಕ್ಲೇಬೋರ್ನ್ ಟೆಂಪಲ್‌ನಲ್ಲಿ ಕೆಲಸಗಾರರು ಎದ್ದು ನಿಂತು ಒಪ್ಪಿಗೆ ಕೊಟ್ಟರು.

ನಮ್ಮ ಊರಿಗೆ ಬರೋಣ. ತಿಂಗಳಿಗೊಮ್ಮೆ ಹಸಿರು ಕೋಟು ಹಾಕಿದ ಇಬ್ಬರು ಹೆಂಗಸರು ಗೇಟಿನ ಹತ್ತಿರ ಬಂದು ಪ್ಲಾಸ್ಟಿಕ್ ತೆಗೆದುಕೊಂಡು ಹೋಗುತ್ತಾರೆ. ಹರಿತ ಕರ್ಮ ಸೇನೆ. ಅವರಿಗೆ ಸರಕಾರದ ಸಂಬಳ ಇಲ್ಲ. ನಾವು ಕೊಡುವ 50 ರೂಪಾಯಿಯೇ ಅವರ ಆದಾಯದ ಮೂಲ. "ನಮ್ಮ ಕಸ ಕೊಟ್ಟು ನಾವೇ ದುಡ್ಡೂ ಕೊಡಬೇಕಾ" ಎಂಬ ಗೊಣಗಾಟ ಯಾವ ಮನೆಯಲ್ಲಿ ಇಲ್ಲ ಹೇಳಿ! ತೊಳೆಯದ ಹಾಲಿನ ತೊಟ್ಟೆ, ಡಯಾಪರ್, ಒಡೆದ ಬಾಟಲಿ ಎಲ್ಲ ಒಂದೇ ಚೀಲದಲ್ಲಿ ತುಂಬಿ ಕೊಡುತ್ತೇವೆ. ಅವರ ಹೆಸರು ಗೊತ್ತುಂಟೇ ಎಂದು ಸಭೆಯಲ್ಲಿ ಕೇಳಿದೆವು. 23 ಮಂದಿಯಲ್ಲಿ ಹೆಸರು ಹೇಳಿದವರು ಇಬ್ಬರು. ಅದರಲ್ಲಿ ಒಬ್ಬನ ಸ್ವಂತ ಚಿಕ್ಕಮ್ಮ ಅವರು.

ಇನ್ನೊಂದು ವಿಷಯ ಹೇಳಲೇಬೇಕು. ಮಲ ಹೊರುವ ಕೆಲಸಕ್ಕೆ ಜನರನ್ನು ಹಚ್ಚಬಾರದು ಎಂದು 2013ರಲ್ಲಿ ಕಾನೂನು ಆಗಿದೆ, ಆದರೂ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಬರುತ್ತಲೇ ಇದೆ. ಸತ್ತವರು ಯಾವ ಸಮುದಾಯದವರು ಎಂದು ಪತ್ರಿಕೆ ಬರೆಯದಿದ್ದರೂ ಎಲ್ಲರಿಗೂ ಗೊತ್ತಿರುತ್ತದೆ. ಅವರಲ್ಲಿ ಕ್ರೈಸ್ತರಾದವರಿಗೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನವೂ ಇಲ್ಲ. ಪಟ್ಟಿಯಲ್ಲಿ ಇಲ್ಲದಿರುವುದು ಎಷ್ಟು ಬಗೆ ನೋಡಿ.

"ಇಗರ್ಜಿಗೆ ಯಾಕೆ ಯೂನಿಯನ್ನಿನ ರಗಳೆ?" ಎಂದು ಕೇಳುವ ಹಿರಿಯರಿಗೆ ನಮ್ಮ ಉತ್ತರ ಉದ್ದವಿಲ್ಲ. ಕೆಲಸಗಾರರಿಗೆ ಸಂಘ ಕಟ್ಟುವ ಹಕ್ಕು ಉಂಟು ಎಂದು 13ನೆಯ ಲಿಯೋ ಪೋಪರು 1891ರಲ್ಲೇ ವಿಶ್ವಪತ್ರ ಬರೆದಿದ್ದಾರೆ. ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎನ್ನುವ ಅರ್ಥದ ಮಾತು ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ ಇದೆ, ಮನೆಯಲ್ಲಿ ತೆಗೆದು ಓದಿ. ನೋಕ್ಕುಕೂಲಿಯನ್ನು ನಾವು ಸಮರ್ಥಿಸುವುದಿಲ್ಲ. ಕೆಲಸ ಮಾಡದೆ ಕೂಲಿ ಕೇಳುವುದೂ ತಪ್ಪು, ಕೆಲಸ ಮಾಡಿಸಿ ಕೂಲಿ ಹಿಡಿಯುವುದೂ ತಪ್ಪು. ಆದರೆ ಮೊದಲನೆಯದರ ಕಥೆ ಊರಿಡೀ ಗೊತ್ತು, ಎರಡನೆಯದನ್ನು ಯಾರೂ ಕಥೆಯಾಗಿ ಹೇಳುವುದಿಲ್ಲ.

ಮೆಂಫಿಸ್‌ನಲ್ಲಿ ಗೆದ್ದವರ ಮುಂದಿನ ಬದುಕು ಸುಖವಾಗಿತ್ತು ಎಂದು ಬರೆಯಲು ಆಗುವುದಿಲ್ಲ. ಅವರಿಗೆ ನಗರದ ಪಿಂಚಣಿ ಸಿಗಲಿಲ್ಲ. ಆಗ ಸೋಶಿಯಲ್ ಸೆಕ್ಯುರಿಟಿಯನ್ನು ಆರಿಸಿಕೊಂಡಿದ್ದರು, ಅದು ಮುದಿತನಕ್ಕೆ ಸಾಲಲಿಲ್ಲ. ಎಪ್ಪತ್ತು ಎಂಬತ್ತು ವಯಸ್ಸಿನವರೆಗೂ ಕೆಲವರು ಕಸದ ಲಾರಿಯಲ್ಲೇ ದುಡಿದರು. ಎಲ್ಮೋರ್ ನಿಕಲ್‌ಬೆರಿ ಎಂಬವರು 1968ರಲ್ಲಿ ಫಲಕ ಹಿಡಿದು ನಡೆದವರು, ಎಂಬತ್ತು ದಾಟಿದ ಮೇಲೂ ರಾತ್ರಿಪಾಳಿಯಲ್ಲಿ ಲಾರಿ ಓಡಿಸುತ್ತಿದ್ದರು. 2017ರಲ್ಲಿ, ಹತ್ತಿರ ಹತ್ತಿರ ಐವತ್ತು ವರ್ಷ ಕಳೆದ ಮೇಲೆ, ಬದುಕಿ ಉಳಿದಿದ್ದ ಮುಷ್ಕರದವರಿಗೆ ತಲಾ 50,000 ಡಾಲರ್ ಕೊಡುವುದಾಗಿ ನಗರಸಭೆ ಘೋಷಿಸಿತು, ಆಮೇಲೆ ಅದನ್ನು 70,000ಕ್ಕೆ ಏರಿಸಿತು. ಮೊದಲ ಪಟ್ಟಿಯಲ್ಲಿ ಇದ್ದವರು 14 ಮಂದಿ. 1,300ರಲ್ಲಿ.

ಕ್ಲೇಬೋರ್ನ್ ಟೆಂಪಲ್ ವರ್ಷಗಟ್ಟಲೆ ಮುಚ್ಚಿ ಪಾಳುಬಿದ್ದಿತ್ತು. ದುರಸ್ತಿ ನಡೆಯುತ್ತಿದ್ದಾಗಲೇ 2025ರ ಏಪ್ರಿಲ್ 28ರ ಬೆಳಗಿನ ಜಾವ ಬೆಂಕಿ ಬಿದ್ದು ಒಳಭಾಗ ಸುಟ್ಟುಹೋಯಿತು. ಅದರ ಪಕ್ಕದಲ್ಲೇ "ನಾನು ಮನುಷ್ಯ" ಎಂಬ ಮಾತನ್ನು ದೊಡ್ಡ ಅಕ್ಷರಗಳಲ್ಲಿ ನಿಲ್ಲಿಸಿದ ಸ್ಮಾರಕ ಇದೆ, ಗೋಡೆಯ ಮೇಲೆ 1,300 ಕೆಲಸಗಾರರ ಹೆಸರುಗಳೊಂದಿಗೆ.